ಹೊಲಕ್ಕೆ ಬಂದ ಹುಡುಗ, ಕೊಟ್ಟಿಗೆಗೆ ಹೋದ ಹುಡುಗಿ

ಕಳೆದ ವರ್ಷ ಏಪ್ರಿಲ್‌ನಲ್ಲಿ ನಾವು ಗಂಡ ಹೆಂಡತಿ ಮಸ್ಕತ್‌ನಿಂದ ಲಂಡನ್ನಿಗೆ ಹೋಗಿದ್ದೆವು. ಕ್ರಾಯ್ಡನ್‌ನಲ್ಲಿರುವ ಅಕ್ಕ ಭಾವನಿಗೆ ಹತ್ತು ವರ್ಷದಿಂದ ಬರುತ್ತೇವೆ ಬರುತ್ತೇವೆ ಎಂದು ಹೇಳಿಕೊಂಡೇ ಬಂದಿದ್ದೆವು. ವೀಸಾ, ರಜೆ, ಟಿಕೆಟ್ ದರ ಮೂರೂ ಒಟ್ಟಿಗೆ ಕೂಡಿಬರುವುದು ಎಷ್ಟು ಕಷ್ಟವೆಂದು ಗಲ್ಫ್‌ನಲ್ಲಿರುವ ನಿಮಗೆ ಬಿಡಿಸಿ ಹೇಳಬೇಕಿಲ್ಲ. ಹೋಗಿ ನೋಡಿದರೆ ಅಕ್ಕನ ಮಗಳೇ ಮನೆಯಲ್ಲಿಲ್ಲ. "ಕುರಿ ಈಯ್ಸೋಕೆ ಹೋಗಿದಾಳೆ" ಎಂದರು ಅಕ್ಕ, ಟ್ಯೂಷನ್ನಿಗೆ ಹೋಗಿದ್ದಾಳೆ ಎಂಬಷ್ಟು ಸಲೀಸಾಗಿ.

ಹುಡುಗಿ ಪಶುವೈದ್ಯ ಓದುತ್ತಿದ್ದಾಳೆ, ಲಂಡನ್ನಿನ ರಾಯಲ್ ವೆಟರ್ನರಿ ಕಾಲೇಜಿನಲ್ಲಿ. 1791ರಲ್ಲಿ ಶುರುವಾದ ಕಾಲೇಜು ಅದು. ಆ ದೇಶದಲ್ಲಿ ಪಶುವೈದ್ಯ ಓದುವವರು ಮೊದಲ ವರ್ಷಗಳಲ್ಲಿ ರಜೆ ಬಂದಾಗೆಲ್ಲ ರೈತರ ಬಳಿ ಇದ್ದು ಕೆಲಸ ಕಲಿಯಬೇಕು. ವಾಡಿಕೆಯ ಲೆಕ್ಕ 12 ವಾರ. ದನ, ಕುರಿ, ಹಂದಿ, ಕುದುರೆ ಎಲ್ಲವನ್ನೂ ಮುಟ್ಟಿ ಬರಬೇಕು. ವಸಂತದ ರಜೆ ಬಂತೆಂದರೆ ಕುರಿಗಳು ಈಯುವ ಕಾಲ. ರೈತನಿಗೆ ರಾತ್ರಿ ಕಾವಲಿಗೆ ಜನ ಬೇಕು, ವಿದ್ಯಾರ್ಥಿಗೆ ಕಲಿಕೆ ಬೇಕು. ಸಂಬಳವಿಲ್ಲ. ಊಟ, ಮಲಗಲು ಒಂದು ಕ್ಯಾರವಾನ್.

ನಾಲ್ಕನೇ ದಿನ ಅವಳನ್ನು ನೋಡಲು ಹೊರಟೆವು. ಬ್ರಾಮ್ಲಿಯಿಂದ 146 ನಂಬರಿನ ಕೆಂಪು ಬಸ್ಸು. ಅಂಗಡಿ ಸಾಲು ಮುಗಿದು ಬೇಲಿ, ಹುಲ್ಲುಗಾವಲು ಶುರುವಾದಾಗಲೂ ನಾವಿನ್ನೂ ಗ್ರೇಟರ್ ಲಂಡನ್ನಿನಲ್ಲೇ ಇದ್ದೆವು. ಆ ಸುತ್ತಿನ ಊರುಗಳು 1965ರವರೆಗೆ ಕೆಂಟ್ ಕೌಂಟಿಯಲ್ಲಿದ್ದವಂತೆ. ಬಸ್ಸಿನ ಕೊನೆಯ ಸ್ಟಾಪು ಡೌನ್ ಎಂಬ ಹಳ್ಳಿ. ಚಾರ್ಲ್ಸ್ ಡಾರ್ವಿನ್ 1842ರಿಂದ ಸಾಯುವವರೆಗೆ ನಲವತ್ತು ವರ್ಷ ಇದ್ದದ್ದು ಅಲ್ಲೇ. ಅಷ್ಟು ದೊಡ್ಡ ಪಂಡಿತ ಪಾರಿವಾಳ ಸಾಕುವವರ ಕ್ಲಬ್ಬಿಗೆ ಸೇರಿ, ದನ ಕುರಿ ಸಾಕುವವರಿಗೆ ಕಾಗದ ಬರೆದು, ಅವರು ಕಂಡದ್ದನ್ನು ಕೇಳಿ ಕೇಳಿ ಬರೆದುಕೊಂಡವನು.

ಕುರಿ ಫಾರ್ಮಿನ ಗೇಟಿನಲ್ಲೇ ಬೋರ್ಡು: ಗರ್ಭಿಣಿಯರು ಒಳಗೆ ಬರಬಾರದು. ಈಯುವ ಕುರಿಗಳಿಂದ ಟಾಕ್ಸೋಪ್ಲಾಸ್ಮದಂಥ ಸೋಂಕು ತಗುಲಿದರೆ ಹೊಟ್ಟೆಯಲ್ಲಿರುವ ಮಗುವಿಗೇ ಅಪಾಯ. ಓದಿ ಗೊತ್ತಿದ್ದ ಮಾತು, ಗೇಟಿನ ಮೇಲೆ ಕಂಡಿದ್ದು ಮೊದಲ ಸಲ. ಹುಡುಗಿ ಬೂಟು, ಪ್ಲಾಸ್ಟಿಕ್ ಪ್ಯಾಂಟು ಹಾಕಿಕೊಂಡು ಓಡಿ ಬಂದಳು. "ಚಿಕ್ಕಮ್ಮ, ಮುಟ್ಟಬೇಡಿ, ವಾಸನೆ" ಎಂದಳು. ನಿಜಕ್ಕೂ ವಾಸನೆಯೇ.

ಅವಳ ಕೆಲಸ ನೋಡುತ್ತ ನಿಂತೆವು. ಹುಟ್ಟಿದ ಮರಿಯ ಹೊಕ್ಕುಳಿಗೆ ಅಯೋಡಿನ್, ಮೊದಲ ಆರು ಗಂಟೆಯೊಳಗೆ ಗಿಣ್ಣುಹಾಲು, ಚೀಪಲಾರದ ಮರಿಗೆ ಟ್ಯೂಬಿನಲ್ಲಿ. ತಾಯಿಗೂ ಮರಿಗೂ ಒಂದೇ ನಂಬರು ಬಣ್ಣದಲ್ಲಿ. ನಮ್ಮ ಕಣ್ಣು ಹೋದದ್ದು ಮಾತ್ರ ಕೊಟ್ಟಿಗೆಯ ಫ್ರಿಜ್ ಪಕ್ಕ ನೇತುಹಾಕಿದ್ದ ಔಷಧ ಪುಸ್ತಕದ ಮೇಲೆ. ಕುರಿಯ ನಂಬರು, ಔಷಧ, ಬ್ಯಾಚ್ ನಂಬರು, ಪ್ರಮಾಣ, ಎಷ್ಟು ದಿನ ಮಾಂಸಕ್ಕೆ ಕೊಡಬಾರದು. ಐದು ವರ್ಷ ಕಾಯ್ದಿಡಬೇಕೆಂಬುದು ಅಲ್ಲಿಯ ಕಾನೂನು. ಅದನ್ನು ತುಂಬಿಸುವುದೂ ಅವಳದೇ ಪಾಳಿ. ಫಾರ್ಮಸಿಯವರಾದ ನಾವು ಒಂದು ತಪ್ಪು ಹುಡುಕಿದೆವು, ಸಿಗಲಿಲ್ಲ.

ಅವಳದೇ ಒಂದು ನೋಟ್‌ಬುಕ್ಕು ಬೇರೆ ಇತ್ತು. ಮೊದಲ ವಾರ ನಡುರಾತ್ರಿ ಒಂದು ಕುರಿ ಈಯಲು ಶುರು ಮಾಡಿದೆ. ತಲೆ ಬಂತು, ಮುಂಗಾಲು ಬರಲಿಲ್ಲ. ಇವಳು ಪುಸ್ತಕದಲ್ಲಿ ಓದಿದ್ದನ್ನೇ ನೆನೆಯುತ್ತ ನೋಡುತ್ತ ಕೂತಿದ್ದಾಳೆ. ಮಾಲೀಕನನ್ನು ಎಬ್ಬಿಸುವ ಹೊತ್ತಿಗೆ ಮರಿ ಸತ್ತಿತ್ತು. ಆತ ಬೈಯಲಿಲ್ಲವಂತೆ. ಟೀ ಮಾಡಿಕೊಟ್ಟು, "ಇದನ್ನೂ ಬರಿ. ನಾಳೆ ನೋಡ್ತಾ ಕೂರಬೇಡ, ಕೈ ಹಾಕು" ಎಂದನಂತೆ. ಬರೆದಿದ್ದಳು. ನಮಗೂ ತೋರಿಸಿದಳು. ಗಂಟೆ, ನಿಮಿಷ, ತನ್ನ ತಪ್ಪು ಎಲ್ಲವೂ ಇತ್ತು. ಮಾಲೀಕನ ಹೆಸರಿರಲಿಲ್ಲ. ಮೇಲ್ಗಡೆ ಬರೆದದ್ದು 'ಫಾರ್ಮ್ ಎ' ಎಂದಷ್ಟೇ. ಕೇಳಿದರೆ, "ಅವರ ಮನೆ ವಿಷಯ ಅಲ್ವಾ ಚಿಕ್ಕಪ್ಪ, ಹೆಸರು ಯಾಕೆ?" ಎಂದಳು.

ವಾಪಸು ಬರುವಾಗ ಬಸ್ಸಿನಲ್ಲಿ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ. ಚನ್ನರಾಯಪಟ್ಟಣದ ಕಡೆಯ ನಮ್ಮೂರಿಗೆ ಬಂದಿದ್ದ ಇನ್ನೊಬ್ಬ ಹುಡುಗ ನೆನಪಾಗಿದ್ದ.

ನಮ್ಮ ಕೃಷಿ ಕಾಲೇಜುಗಳಲ್ಲಿ ಕೊನೆಯ ವರ್ಷದವರನ್ನು ಹಳ್ಳಿಗೆ ಕಳಿಸುತ್ತಾರೆ. ಗ್ರಾಮೀಣ ಕೃಷಿ ಕಾರ್ಯಾನುಭವ ಶಿಬಿರ. 2015ರಿಂದ ಅದು 'ಸ್ಟೂಡೆಂಟ್ ರೆಡಿ' ಎಂಬ ದೊಡ್ಡ ಹೆಸರಿನಡಿ ಸೇರಿದೆ. ನಮ್ಮೂರಿಗೆ ಒಂದು ತಂಡ ಬಂದದ್ದು 1999ರಲ್ಲಿ, ನಾವು ಪಿಯುಸಿ ಮುಗಿಸಿದ ವರ್ಷ. ಸಮುದಾಯ ಭವನದಲ್ಲಿ ವಾಸ, ಒಬ್ಬೊಬ್ಬರಿಗೆ ಒಬ್ಬೊಬ್ಬ ರೈತ. ದೇವಸ್ಥಾನದ ಮುಂದೆ ರಂಗೋಲಿಪುಡಿಯಲ್ಲಿ ಊರಿನ ನಕ್ಷೆ ಬರೆದರು. ಕೆರೆ ನೀಲಿ, ಹೊಲ ಹಸಿರು, ಹರಿಜನ ಕೇರಿ ಮೂಲೆಯಲ್ಲಿ. ಬೀಜೋಪಚಾರ ಮಾಡಿ ತೋರಿಸಿದರು. ಅಪ್ಪನ ಪಾಲಿಗೆ ಬಂದವನು ಬೆಂಗಳೂರಿನ ಹುಡುಗ. ಮುದ್ದೆಯನ್ನು ಅಗಿದು ಅಗಿದು ಸುಸ್ತಾದ. ಅದು ಎಲ್ಲರಿಗೂ ಗೊತ್ತಿರುವ ತಮಾಷೆ, ಬಿಡಿ.

ಆದರೆ ಅವನು ಕೆಲಸಕ್ಕೆ ಗಟ್ಟಿಗ. ಒಂದು ಎಕರೆ ರಾಗಿಯ ಬೇಸಾಯದ ಖರ್ಚು ಬರೆಯಬೇಕಿತ್ತು. ಉಳುಮೆ, ಗೊಬ್ಬರ, ಬೀಜ ಅಪ್ಪ ಹೇಳಿದ್ದನ್ನು ಬರೆದುಕೊಂಡ. ಅವ್ವನನ್ನು "ಕಳೆ ಕೀಳೋಕೆ ಎಷ್ಟು ಗಂಟೆ ಆಗುತ್ತಮ್ಮ?" ಎಂದ. "ಗಂಟೆ ಎಲ್ಲಿ ನೋಡ್ಲಪ್ಪ" ಎಂದು ಅವ್ವ ನಕ್ಕರು. ಮಾರನೆ ದಿನದಿಂದ ಅವನೇ ವಾಚು ಹಿಡಿದು ಬದುವಿನ ಮೇಲೆ ಕೂತ. ಕಳೆ, ಸಗಣಿ, ಬುತ್ತಿ ಹೊರುವುದು, ಎಲ್ಲಕ್ಕೂ ನಿಮಿಷ.

ಕೊನೆಗೆ ಲೆಕ್ಕ ಓದಿದ. ಖರ್ಚು 4,750 ರೂಪಾಯಿ. ಕಾಳು ಹುಲ್ಲು ಸೇರಿ ಹುಟ್ಟುವಳಿ 4,130. ಅಪ್ಪ ದಂಗಾದರು. ಖರ್ಚಿನಲ್ಲಿ 1,900 ಮನೆಯವರ ಕೂಲಿ, ಅದರಲ್ಲಿ ಬಹುಪಾಲು ಅವ್ವನದು. "ಅವಳೇನು ಕೂಲಿಯೋಳಾ? ಹೊಡೆದಾಕು ಅದ." ಹುಡುಗ ಪೆನ್ನು ಹಿಡಿದು ಅವ್ವನ ಕಡೆ ನೋಡಿದ. "ಇರ್ಲಿ ಬುಡಿ, ಬರ್ಕಂಡ್ರೆ ಏನು ಕಳ್ಕಂಡಂಗಾಯ್ತು" ಎಂದರು ಅವ್ವ. ಹಾಗೇ ಉಳಿಯಿತು.

ಅಷ್ಟಕ್ಕೇ ಮುಗಿದಿದ್ದರೆ ಚೆನ್ನಾಗಿತ್ತು. ಕಡೆಯ ದಿನ ಶಾಲೆಯಲ್ಲಿ ಕೃಷಿ ವಸ್ತು ಪ್ರದರ್ಶನ. ಗೋಡೆಯ ಮೇಲೆ ಚಾರ್ಟು, ಅದರಲ್ಲಿ ಕೆಂಪು ಸ್ಕೆಚ್‌ಪೆನ್ನಲ್ಲಿ ಅಪ್ಪನ ಪೂರ್ತಿ ಹೆಸರು, ಕೆಳಗೆ 'ನಿವ್ವಳ ನಷ್ಟ ರೂ. 620'. ದಾಯಾದಿಗಳು ಅದರ ಮುಂದೆ ನಿಂತು ಓದಿದರು, ಎರಡು ಸಲ. ಹುಡುಗನಿಗೆ ಅದರಲ್ಲಿ ತಪ್ಪು ಕಾಣಲಿಲ್ಲ, ಅವನ ಜೊತೆ ಬಂದಿದ್ದ ದೊಡ್ಡವರಿಗೂ. ಹುಡುಗನಿಗೆ ಎಷ್ಟು ಅಂಕ ಕೊಡಬಹುದೆಂದು ಅಪ್ಪನನ್ನು ಯಾರೂ ಕೇಳಲಿಲ್ಲ. ಆಸ್ಪತ್ರೆಯಲ್ಲಿ ರೋಗಿಯ ಹೆಸರಿರುವ ಒಂದು ಚೀಟಿ ಹೊರಗೆ ಬಿದ್ದರೂ ಇಲ್ಲಿ ನಮ್ಮ ಕೆಲಸಕ್ಕೆ ಕುತ್ತು. ಆ ಚಾರ್ಟು ಸಂಜೆಯವರೆಗೂ ಗೋಡೆಯ ಮೇಲಿತ್ತು.

ಮುಂದಿನ ವರ್ಷ ಅಪ್ಪ ಜೋಡೆತ್ತು ಮಾರಿ ನಮ್ಮನ್ನು ಡಿ.ಫಾರ್ಮಾಗೆ ಸೇರಿಸಿದರು. ಆ ಲೆಕ್ಕ ನೋಡಿಯೇ ಮಾರಿದರೋ, ಅವರ ಮನಸ್ಸಿನಲ್ಲಿ ಮೊದಲೇ ಇತ್ತೋ, ಕೇಳುವ ಧೈರ್ಯ ನಮಗಿರಲಿಲ್ಲ. ಅಣ್ಣ ಹೊಲದಲ್ಲೇ ಉಳಿದ. ನಾವೂ ಆಮೇಲೆ ಬೇರೆಯವರ ಜಾಗದಲ್ಲಿ ನಿಂತು ಕಲಿತವರೇ: ಡಿಪ್ಲೊಮಾ ಕೈಗೆ ಬರಬೇಕಾದರೆ 500 ಗಂಟೆ ತರಬೇತಿ, ಅದರಲ್ಲಿ 250 ಗಂಟೆ ಚೀಟಿ ನೋಡಿ ಔಷಧ ಕೊಡುವುದು. ನಮ್ಮನ್ನು ಕೌಂಟರಿನ ಹಿಂದೆ ನಿಲ್ಲಿಸಿಕೊಂಡ ಯಜಮಾನರಿಗೆ ನಮ್ಮಿಂದ ಏನು ಸಿಕ್ಕಿತೋ, ಆಗ ಯೋಚಿಸಿರಲಿಲ್ಲ.

ಅಪ್ಪ ತೀರಿಕೊಂಡ ಮೇಲೆ ಟ್ರಂಕು ತೆಗೆದಾಗ ಪಹಣಿ, ಸೊಸೈಟಿ ಸಾಲದ ರಸೀದಿಗಳ ನಡುವೆ ಆ ಚಾರ್ಟು ನಾಲ್ಕು ಮಡಿಕೆಯಾಗಿ ಸಿಕ್ಕಿತು. ಗೋಡೆಯಿಂದ ಯಾವಾಗ ಕಿತ್ತು ತಂದಿದ್ದರೋ. ಹಿಂಬದಿಯಲ್ಲಿ ಅವರದೇ ಅಕ್ಷರದಲ್ಲಿ, ಪೆನ್ಸಿಲ್ಲಿನಲ್ಲಿ, ಮುಂದಿನ ಎರಡು ವರ್ಷದ ರಾಗಿಯ ಲೆಕ್ಕ. ಆಮೇಲೆ ಬರೆದಿಲ್ಲ. ಎರಡರಲ್ಲೂ ಅವ್ವನ ಕೂಲಿ ಅಂತ ಒಂದು ಸಾಲಿತ್ತು.

ಲಂಡನ್ನಿನಿಂದ ಮಸ್ಕತ್‌ಗೆ ಬಂದ ಮೇಲೆ ಅವ್ವನಿಗೆ ಫೋನು ಮಾಡಿ ಹುಡುಗಿಯ ಕುರಿ ಕತೆ ಹೇಳಿದೆವು. ಮಾತು ಚಾರ್ಟಿಗೆ ಬಂತು. ಅಪ್ಪ ನಿಮ್ಮ ಕೂಲಿ ಬರೆದಿಟ್ಟಿದ್ದರಲ್ಲ ಅವ್ವ, ಎಂದೆವು.

"ಬರ್ದಿದ್ದೇನೋ ಸರಿ" ಎಂದರು ಅವ್ವ, "ಕೊಟ್ಟಿದ್ದು ಯಾವಾಗ?"