ರಾತ್ರಿಯ ಸಂಗತಿಯನ್ನೂ ಬರೆಸಿದೆ

ಬೆನ್ನ ಮೇಲಿನ ಬಾಸುಂಡೆ ಎಲ್ಲರಿಗೂ ಕಾಣುತ್ತಿತ್ತು. ಯಾಪಲದಿನ್ನಿಯ ಹೊಲದಲ್ಲಿ ಹತ್ತಿ ಬಿಡಿಸುವಾಗ ಜೊತೆಯ ಹೆಂಗಸರು "ಮತ್ತ ಕುಡದು ಬಂದಿದ್ನೇನವಾ" ಎನ್ನುತ್ತಿದ್ದರು. ರಾತ್ರಿ ಆಗುತ್ತಿದ್ದುದನ್ನು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಹೊಡೆದಾದ ಮೇಲೇ ಗಂಡ ಹತ್ತಿರ ಬರುತ್ತಿದ್ದ. ಒಲ್ಲೆ ಎಂದರೆ ಯಾರನ್ನು ಇಟ್ಟುಕೊಂಡಿದ್ದೀ ಎನ್ನುತ್ತಿದ್ದ. ಮುಟ್ಟಿನ ದಿನಗಳಲ್ಲೂ ಬಿಡಲಿಲ್ಲ. ನಿರೋಧ್ ಮಾತೆತ್ತಿದ್ದಕ್ಕೆ ಕಪಾಳಕ್ಕೆ ಬಿತ್ತು.

ಬಿಳಿ ಸೆರಗು ಶುರುವಾಯಿತು. ಕೆಟ್ಟ ವಾಸನೆ, ಕಿಬ್ಬೊಟ್ಟೆಯಲ್ಲಿ ಕಿತ್ತು ತಿನ್ನುವ ನೋವು. ಉಷ್ಣ ಎಂದು ಅತ್ತೆ ಮೆಂತ್ಯದ ನೀರು ಕುಡಿಸಿದಳು. ಆಶಾ ಅಕ್ಕ ಆಸ್ಪತ್ರೆಗೆ ಕರೆದೊಯ್ದಳು. ಗುಳಿಗೆ ಕೊಟ್ಟು, ಗಂಡನೂ ನುಂಗಬೇಕು, ಇಲ್ಲದಿದ್ದರೆ ಮತ್ತೆ ಬರುತ್ತದೆ ಎಂದರು. "ರೋಗ ನಿಂದು, ಗುಳಿಗಿ ನನಗ್ಯಾಕ?" ಎಂದು ಪೊಟ್ಟಣವನ್ನು ಒಲೆಗೆಸೆದ. ನನಗೆ ವಾಸಿಯಾಗುತ್ತಿತ್ತು, ಅವನಿಂದಲೇ ಮತ್ತೆ ಅಂಟುತ್ತಿತ್ತು.

ಮಾನ್ವಿ ಕಡೆಯ ತವರಿಗೆ ಬಂದ ಮೇಲೂ ಮೈಯೊಳಗಿನ ಅಂಜಿಕೆ ಹೋಗಲಿಲ್ಲ. ಬಾಗಿಲು ಸದ್ದಾದರೆ ತೊಡೆಗಳು ತಾವೇ ಬಿಗಿಯುತ್ತಿದ್ದವು. ಒಂದು ಆಸ್ಪತ್ರೆಯಲ್ಲಿ ಪರೀಕ್ಷೆಗೆ ಮಲಗಿಸಿದಾಗ ಕಾಲು ಸಡಿಲಿಸಲಾಗಲಿಲ್ಲ. "ಗಂಡನ ಹತ್ರ ಇಷ್ಟು ನಾಚಿಕಿ ಇತ್ತೇನು?" ಎಂದು ಗದರಿದರು. ಚಪ್ಪಲಿಯನ್ನೂ ಮೆಟ್ಟದೆ ಹೊರಗೆ ಬಂದೆ.

ರಾಯಚೂರಿನಲ್ಲಿ ಇನ್ನೊಬ್ಬ ಡಾಕ್ಟರಮ್ಮ ಸಿಕ್ಕರು. ಪರದೆ ಎಳೆದು ಸ್ಟೂಲಿನ ಮೇಲೆ ಕೂತು, ಏನೇನು ಮಾಡುತ್ತೇನೆಂದು ಮೊದಲೇ ಹೇಳಿದರು. "ನೋವಾದ್ರ ಕೈ ಎತ್ತವ್ವಾ, ಅಲ್ಲಿಗೇ ನಿಂದರಸ್ತೀನಿ." ಕೈ ಎತ್ತಿದೆ. ನಿಲ್ಲಿಸಿದರು. ಬ್ಯಾಡ ಅಂದಾಗ ಒಬ್ಬರು ನನ್ನ ಮೈ ಬಿಟ್ಟದ್ದು ಮದುವೆಯಾದ ಮೇಲೆ ಅದೇ ಮೊದಲು. ಅಲ್ಲೇ ಗಳಗಳ ಅತ್ತೆ. ಅಂದು ಪರೀಕ್ಷೆ ಆಗಲಿಲ್ಲ; ಮತ್ತೊಮ್ಮೆ ಹೋದಾಗ ಆಯಿತು. ಎಚ್‌ಐವಿ ಇರಲಿಲ್ಲ. ಗರ್ಭಕೋಶದ ಸೋಂಕಿಗೆ ಪೂರ್ತಿ ಔಷಧಿ ನುಂಗಿದೆ.

ನೀನೊಬ್ಬಾಕಿ ಅಲ್ಲ ಎಂದು ಅಲ್ಲಿನ ಸಮಾಲೋಚಕಿ ಹೇಳಿದರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಶೇ. 44ರಷ್ಟು ಮಂದಿ ಗಂಡನಿಂದ ಹಿಂಸೆ ಕಂಡಿದ್ದೇವೆಂದು ಹೇಳಿದ್ದಾರಂತೆ. ಹೇಳದೇ ಉಳಿದವರಲ್ಲಿ ಅಷ್ಟು ವರ್ಷ ನಾನೂ ಇದ್ದೆ. ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಬಹುದೆಂದು ತಿಳಿದದ್ದೂ ಆಗಲೇ.

ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ಮಾಡುವ ಬಲಾತ್ಕಾರವನ್ನು ಭಾರತೀಯ ನ್ಯಾಯ ಸಂಹಿತೆ ಅತ್ಯಾಚಾರವೆಂದು ಒಪ್ಪುವುದಿಲ್ಲ. ಇದು ಅನ್ಯಾಯ. ಆದರೆ 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆಯಲ್ಲಿ ಲೈಂಗಿಕ ದೌರ್ಜನ್ಯವೂ ಸೇರಿದೆ. ಆ ಕಾಯ್ದೆಯಡಿ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ವರದಿ ಬರೆಸುವಾಗ ಅಣ್ಣ ಪಕ್ಕದಲ್ಲಿದ್ದ. "ಹೊಡದದ್ದಷ್ಟ ಬರಸು, ಉಳದದ್ದು ಮರ್ಯಾದಿ ಪ್ರಶ್ನೆ" ಎಂದ. ಅವನನ್ನು ಹೊರಗೆ ಕಳಿಸಿ ಎಲ್ಲವನ್ನೂ ಬರೆಸಿದೆ.