‘ಲ್ಯಾಚಸ್’ ಅಂದ್ರೆ ಏನು? ಮಲಗಿದ್ದವರು ಯಾರು?

ಪಿಟಿಸಿಎಲ್ ಕೇಸಿನ ಆದೇಶದ ಪ್ರತಿ ಹಿಡ್ಕೊಂಡು ಬರೋ ನಮ್ಮ ಜನ ಕೇಳೋದು ಒಂದೇ ಪ್ರಶ್ನೆ: "ಅಣ್ಣ, ಇದ್ಯಾಕೆ ವಜಾ ಆಯ್ತು?" ಕೊನೆ ಪುಟ ತೆಗೆದು ನೋಡಿದ್ರೆ ‘ಡಿಲೇ ಅಂಡ್ ಲ್ಯಾಚಸ್’ ಅಂತ ಇರುತ್ತೆ. ಡಿಲೇ ಅಂದ್ರೆ ತಡ, ಅದು ಎಲ್ರಿಗೂ ಗೊತ್ತು. ಈ ಲ್ಯಾಚಸ್ ಅಂದ್ರೇನು? ನಮ್ಮಪ್ಪಂದಿರ ದರಖಾಸ್ತು ಜಮೀನು ಒಂದು ಪದದ ಮೇಲೆ ಹೋಗ್ತಾ ಇದೆ ಅಂದಮೇಲೆ ಆ ಪದದ ಜಾತಕ ನಮಗೆ ಗೊತ್ತಿರಬೇಕು.

ಮೊದಲು ‘ವಜಾ’ ಅನ್ನೋದನ್ನೇ ನೋಡಿ. ಇದು ಅರಬ್ಬಿಯಿಂದ ಪಾರ್ಸಿ, ಮರಾಠಿಗಳ ಮೂಲಕ ನಮ್ಮ ಕಚೇರಿಗೆ ಬಂದ ಪದ. ಲೆಕ್ಕದ ಪುಸ್ತಕದಲ್ಲಿ ವಜಾ ಅಂದ್ರೆ ಕಳೆಯುವುದು. ಇಂಗ್ಲಿಷಿನ ‘ಡಿಸ್ಮಿಸ್’ ಲ್ಯಾಟಿನ್ ಮೂಲದ್ದು, ಆಚೆ ಕಳಿಸು ಅಂತ ಅರ್ಥ. ಲ್ಯಾಚಸ್ಸಿನ ಬೇರು ಲ್ಯಾಟಿನ್ನಿನ ‘ಲಾಕ್ಸಸ್’, ಅಂದ್ರೆ ಸಡಿಲ. ಅದು ಹಳೇ ಫ್ರೆಂಚಿಗೆ ಹೋಗಿ, ಅಲ್ಲಿಂದ ಇಂಗ್ಲೆಂಡಿನ ಕೋರ್ಟಿಗೆ ಬಂತು. ‘ನಿನ್ನ ಹಕ್ಕಿನ ವಿಚಾರದಲ್ಲಿ ನೀನೇ ಸಡಿಲ ಬಿಟ್ಟೆ’ ಅನ್ನೋದು ಅದರ ಆರೋಪ. ಇದೇ ಬೇರಿನ ಇನ್ನೆರಡು ಪದ ನಮ್ಮ ಊರುಗಳಿಗೆ ಚೆನ್ನಾಗಿ ಗೊತ್ತು: ಲೀಸ್ ಮತ್ತು ರಿಲೀಸ್. ಲೀಸು ಅಂತ ಬರೆಸ್ಕೊಂಡು ಹೋದ ಜಮೀನೆಷ್ಟು, ಏನು ಬರೆದಿದೆ ಅಂತ ಓದೋಕೆ ಬಾರದೆ ರಿಲೀಸ್ ಡೀಡಿಗೆ ಒತ್ತಿದ ಹೆಬ್ಬೆಟ್ಟೆಷ್ಟು!

ಲ್ಯಾಚಸ್ ಬೆಳೆದದ್ದು ಇಂಗ್ಲೆಂಡಿನ ಚಾನ್ಸರಿ ಕೋರ್ಟಿನಲ್ಲಿ. ಅದು ಬರೀ ಕಾನೂನಿನ ಅಕ್ಷರ ನೋಡ್ತಿರಲಿಲ್ಲ, ಮನಸ್ಸಾಕ್ಷಿಯನ್ನೂ ನೋಡ್ತಿತ್ತು. ಅದಕ್ಕೆ ‘ಈಕ್ವಿಟಿ’ ಅಂತಾರೆ. ಎಚ್ಚರ ಇದ್ದವನಿಗೆ ಈಕ್ವಿಟಿ ನೆರವಾಗುತ್ತೆ, ಮಲಗಿದ್ದವನಿಗಲ್ಲ ಅನ್ನೋದು ಅಲ್ಲಿನ ಸೂತ್ರ. 1767ರಲ್ಲಿ ಲಾರ್ಡ್ ಕ್ಯಾಮ್ಡೆನ್ ಇದನ್ನೇ ಗಟ್ಟಿಯಾಗಿ ಹೇಳಿದ. ಆದ್ರೆ 1874ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್, ಲಿಂಡ್ಸೆ ಪೆಟ್ರೋಲಿಯಂ ಪ್ರಕರಣದಲ್ಲಿ, ವರ್ಷ ಎಣಿಸಿ ಬಾಗಿಲು ಹಾಕೋ ಯಾಂತ್ರಿಕ ನಿಯಮ ಇದಲ್ಲ ಅಂತಲೂ ಹೇಳಿತು. ತಡ ಎಷ್ಟಾಯ್ತು, ಆ ನಡುವೆ ಎರಡೂ ಕಡೆಯವರು ಏನೇನು ಮಾಡಿದ್ರು, ಈಗ ಪರಿಹಾರ ಕೊಟ್ರೆ ಯಾರಿಗೆ ಅನ್ಯಾಯ ಅಂತ ತೂಗಬೇಕು. ಈ ಎರಡನೇ ಅರ್ಧ ನಮ್ಮ ಕೇಸುಗಳಿಗೆ ಬರೋ ಹೊತ್ತಿಗೆ ಎಲ್ಲೋ ಕಳೆದುಹೋಗುತ್ತೆ.

ಈಗ ನಮ್ಮ ಕಾಯ್ದೆಗೆ ಬನ್ನಿ. ದೇವರಾಜ ಅರಸು ಸರ್ಕಾರ ತಂದ ಪಿಟಿಸಿಎಲ್ ಕಾಯ್ದೆ 1978ರದ್ದು. 1979ರ ಜನವರಿ 1ರಿಂದ ಜಾರಿ. ಪರಿಶಿಷ್ಟರಿಗೆ ಸರ್ಕಾರ ಮಂಜೂರು ಮಾಡಿದ ಜಮೀನನ್ನು ಷರತ್ತು ಮುರಿದು ಪರಭಾರೆ ಮಾಡಿದ್ರೆ ಆ ಕ್ರಯ ಶೂನ್ಯ, ಕಾಯ್ದೆಗೆ ಮುಂಚೆ ಆಗಿದ್ರೂ ಶೂನ್ಯ, ಕೊಂಡವನಿಗೆ ಹಕ್ಕೇ ಹುಟ್ಟಲ್ಲ ಅಂತ 4ನೇ ಕಲಂ. ಜಮೀನು ಬಿಡಿಸಿ ಮೂಲ ಮಂಜೂರಿದಾರರಿಗೆ ಅಥವಾ ಅವರ ವಾರಸುದಾರರಿಗೆ ಕೊಡಬೇಕು ಅಂತ 5ನೇ ಕಲಂ. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕಾಯ್ದೆಯನ್ನು ಎತ್ತಿಹಿಡೀತು. ಅರ್ಜಿ ಹಾಕೋಕೆ ಇಂತಿಷ್ಟು ವರ್ಷ ಅಂತ ಕಾಯ್ದೆಯಲ್ಲಿ ಎಲ್ಲೂ ಇರಲಿಲ್ಲ.

2017ರ ಅಕ್ಟೋಬರ್ 26ರಂದು ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ಕಾಲಮಿತಿ ಬರೆದಿಲ್ಲದಿದ್ರೂ ‘ಸಮಂಜಸ ಅವಧಿ’ಯೊಳಗೆ ಬರಬೇಕು, ಕಾಯ್ದೆ ಬಂದು 25 ವರ್ಷದ ಮೇಲೆ ಬಂದದ್ದು ತೀರಾ ತಡ ಅಂತು. ಆಮೇಲೆ ಅದೇ ತೀರ್ಪು ತೋರಿಸಿ ಎಸಿ ಕೋರ್ಟಿಂದ ಹೈಕೋರ್ಟಿನವರೆಗೆ ಸಾಲು ಸಾಲು ವಜಾ. ನಮ್ಮ ಜನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಕೂತ್ರು. 2023ರ ಜುಲೈನಲ್ಲಿ ತಿದ್ದುಪಡಿ ಬಂತು: ಈ ಕಾಯ್ದೆಗೆ ಕಾಲಮಿತಿ ಇಲ್ಲ, ಬಾಕಿ ಇರೋ ಕೇಸುಗಳಿಗೂ ಇದು ಅನ್ವಯ. ಸಿಹಿ ಹಂಚಿದ್ವಿ. 2024ರಲ್ಲಿ ಹೈಕೋರ್ಟಿನ ವಿಭಾಗೀಯ ಪೀಠ ಹೇಳಿದ್ದು: ಕಾಲಮಿತಿ ಬೇರೆ, ಲ್ಯಾಚಸ್ ಬೇರೆ. ಶಾಸನಸಭೆ ತೆಗೆದದ್ದು ಕಾಲಮಿತಿಯನ್ನು, ಲ್ಯಾಚಸ್ ಹಾಗೇ ಇದೆ. ಮುಂಬಾಗಿಲು ತೆಗೆಸಿದ್ವಿ, ಒಳಬಾಗಿಲಿಗೆ ಬೀಗ ಇತ್ತು.

ಸರಿ, ಲ್ಯಾಚಸ್ ಅಂದ್ರೆ ಮಲಗಿದ್ದರು ಅಂತ ತಾನೇ? ಹಾಗಾದ್ರೆ ಯಾರ್ಯಾರು ಮಲಗಿದ್ರು ಅಂತ ಪೂರ್ತಿ ಲೆಕ್ಕ ಹಾಕೋಣ.

6ನೇ ಕಲಂ ಪ್ರಕಾರ ಸರ್ಕಾರದ ಅನುಮತಿ ಇಲ್ಲದೆ ಇಂಥ ಜಮೀನಿನ ಕ್ರಯವನ್ನು ಸಬ್ ರಿಜಿಸ್ಟ್ರಾರ್ ನೋಂದಾಯಿಸೋ ಹಾಗಿಲ್ಲ. 1979ರ ನಂತರ ಅನುಮತಿ ಇಲ್ಲದೆ ನೋಂದಣಿಯಾದ ಪ್ರತಿ ಪತ್ರದ ಮುಂದೆಯೂ ಒಬ್ಬ ಅಧಿಕಾರಿ ಕೂತಿದ್ದ. 5ನೇ ಕಲಂ ಪ್ರಕಾರ ಯಾರೂ ಅರ್ಜಿ ಕೊಡದಿದ್ರೂ ಎಸಿ ತಾನಾಗೇ ಕ್ರಮ ತಗೋಬಹುದು. ಮಂಜೂರಿಯ ದಾಖಲೆ ಯಾರ ಬೀರುವಿನಲ್ಲಿತ್ತು? ಪಹಣಿಯಲ್ಲಿ ಹೆಸರು ಬದಲಾಯಿಸಿದ್ದು ಯಾರು? ನಾನು ಗುಮಾಸ್ತ, ಕಡತ ಹೇಗೆ ಮಲಗುತ್ತೆ ಅಂತ ಯಾರೂ ನನಗೆ ಹೇಳಿಕೊಡಬೇಕಾಗಿಲ್ಲ. ‘ಮೂಲ ಕಡತ ಲಭ್ಯವಿಲ್ಲ’ ಅನ್ನೋ ಒಂದು ಸಾಲಿನ ಹಿಂಬರಹಕ್ಕೆ ವರ್ಷಗಟ್ಟಲೆ ನಡೆಸ್ತಾರೆ. ಈ ನಿದ್ದೆಗೆ ಲ್ಯಾಚಸ್ ಅನ್ನೋ ಹೆಸರಿಲ್ಲ.

ಇನ್ನು ನಮ್ಮವರು. ಜಮೀನು ಬರೆಸ್ಕೊಂಡವನ ಹೊಲದಲ್ಲೇ ಕೂಲಿ, ಅವನ ಹತ್ರಾನೇ ಸಾಲ. ಸಾಗುವಳಿ ಚೀಟಿ ಟ್ರಂಕಿನ ತಳದಲ್ಲಿ, ಓದೋರಿಲ್ಲ. ಓದೋ ಮೊದಲ ತಲೆಮಾರು ಬರೋ ಹೊತ್ತಿಗೇ ಇಪ್ಪತ್ತೈದು ವರ್ಷ ಆಗಿರುತ್ತೆ. ಚಂದಕವಾಡಿ ಹೋಬಳಿಯ ಮುದುಕಿಯೊಬ್ಬಳು ಒಂದು ವಾಯಿದೆಗೆ ಚಾಮರಾಜನಗರ, ಸಂತೇಮರಹಳ್ಳಿ, ಯಳಂದೂರು ದಾಟಿ ಕೊಳ್ಳೇಗಾಲದ ಎಸಿ ಕಚೇರಿಗೆ ಹೋಗಬೇಕು, ಒಂದು ದಿನದ ಕೂಲಿ ಬಿಟ್ಟು. 1997ರಲ್ಲಿ ನಮ್ಮ ಜಿಲ್ಲೆ ಆಗೋ ತನಕ ಡಿಸಿ ಅಂದ್ರೆ ಮೈಸೂರು. ಹಕ್ಕಿದೆ ಅಂತ ಗೊತ್ತಿದ್ದೂ, ಕೇಳೋ ಶಕ್ತಿ ಇದ್ದೂ ಸುಮ್ಮನಿದ್ದವರಿಗೆ ಲ್ಯಾಚಸ್ ಅನ್ನಿ. ಹೆದರಿ ಸುಮ್ಮನಿದ್ದದ್ದು ನಿದ್ದೆ ಹೇಗಾಗುತ್ತೆ?

ಎದುರು ಕಡೆಯವರಲ್ಲೂ ಬಡವರಿದ್ದಾರೆ, ಮೂರನೇ ಕೈಯಿಂದ ಗೊತ್ತಿಲ್ಲದೆ ಕೊಂಡು ಮನೆ ಕಟ್ಟಿದವರಿದ್ದಾರೆ, ನಿಜ. ಅದನ್ನೂ ತೂಗಲಿ. ತೂಗಿ ಅಂತಲೇ ನಾವು ಕೇಳ್ತಿರೋದು. ಈಕ್ವಿಟಿಯ ಇನ್ನೊಂದು ಸೂತ್ರ, ಅದರ ಬಾಗಿಲಿಗೆ ಬರೋನು ಕೈ ತೊಳ್ಕೊಂಡು ಬರಬೇಕು ಅಂತ. ಷರತ್ತು ಗೊತ್ತಿದ್ದೇ ಬರೆಸ್ಕೊಂಡವನ ಕೈಯನ್ನು ಯಾರೂ ನೋಡಲ್ಲ.

ಕೋರ್ಟೇ ಬೇಡ ಅಂತ ನಾನು ಹೇಳಲ್ಲ. ಮಹಾಡದ ಚವದಾರ್ ಕೆರೆ ವಿಚಾರದಲ್ಲಿ 1927ರ ಡಿಸೆಂಬರ್‌ನಲ್ಲಿ ಸವರ್ಣೀಯರು ಬಾಬಾಸಾಹೇಬರ ಮೇಲೇ ದಾವೆ ಹಾಕಿದ್ರು. 1937ರ ಮಾರ್ಚ್ 17ರಂದು ಬಾಂಬೆ ಹೈಕೋರ್ಟು ಸವರ್ಣೀಯರ ಮೇಲ್ಮನವಿ ವಜಾ ಮಾಡ್ತು. ಅನಾದಿ ಕಾಲದ ಸಂಪ್ರದಾಯ ಅಂತ ಅವರು ಹೇಳಿದ್ದನ್ನು ಅವರಿಂದಲೇ ಸಾಬೀತು ಮಾಡೋಕಾಗಲಿಲ್ಲ. ಹತ್ತು ವರ್ಷ ಬಿಡದೆ ನಿಂತದ್ದಕ್ಕೆ ಆ ವಜಾ ನಮ್ಮ ಪರವಾಗಿ ಬಂತು.

ಹಾಗಾಗಿ ಕೇಸು ಇರೋರಿಗೆ ಮೂರು ಮಾತು. ನಾನು ವಕೀಲನಲ್ಲ, ನಿಮ್ಮ ವಕೀಲರನ್ನು ಕೇಳ್ಕೊಂಡೇ ಮಾಡಿ. ಒಂದು, ತಡ ಯಾಕಾಯ್ತು, ಪರಭಾರೆ ಯಾವಾಗ ಗೊತ್ತಾಯ್ತು ಅಂತ ಅರ್ಜಿಯಲ್ಲೇ ವಿವರವಾಗಿ ಬರೆಸಿ, ಬಾಯಲ್ಲಿ ಹೇಳಿದ್ದು ಕಡತಕ್ಕೆ ಸೇರಲ್ಲ. ಎರಡು, ಅಪ್ಪ ಅಜ್ಜ ಕೊಟ್ಟ ಹಳೇ ಅರ್ಜಿ, ಟಪಾಲಿನ ಸೀಲು ಬಿದ್ದ ಸ್ವೀಕೃತಿ, ಹಿಂಬರಹ ಏನೇ ಇರಲಿ ಹುಡುಕಿ ಲಗತ್ತಿಸಿ, ಎಚ್ಚರ ಇದ್ವಿ ಅನ್ನೋಕೆ ಅದೇ ಸಾಕ್ಷಿ. ಮೂರು, ಇನ್ನೂ ಅರ್ಜಿ ಹಾಕದವರು ಇವತ್ತೇ ಹಾಕಿ, ಸ್ವೀಕೃತಿ ಇಲ್ಲದೆ ಕೌಂಟರ್ ಬಿಟ್ಟು ಬರಬೇಡಿ.

ಸರ್ಕಾರಕ್ಕೆ ಒಂದೇ ಮಾತು. 2023ರ ತಿದ್ದುಪಡಿಯಲ್ಲಿ ಬಿಟ್ಟುಹೋದ ಆ ಪದವನ್ನು ಹೆಸರು ಹಿಡಿದು ಬರೆಯಿರಿ. ಜೊತೆಗೆ, 1979ರಿಂದ ಕ್ರಮ ತಗೊಳ್ಳದ ಅಧಿಕಾರಿಗಳ ತಡವನ್ನು ಮಂಜೂರಿದಾರರ ತಲೆಗೆ ಕಟ್ಟೋ ಹಾಗಿಲ್ಲ ಅಂತಲೂ ಬರೆಯಿರಿ.

ಜೈ ಭೀಮ್.