ನೆರಳಿಲ್ಲದ ಹಗಲು

ಮಾರ್ಗಶಿರದ ದಿನಗಳಲ್ಲಿ ಬಂಗಾಳಕೊಲ್ಲಿಯಲ್ಲೆಲ್ಲೋ ವಾಯುಭಾರ ಕುಸಿದು, ನಮ್ಮ ಹಳೆಯ ಮೈಸೂರು ಸೀಮೆಯ ಮೇಲೆ ಸೂರ್ಯನ ಮುಖವೇ ಕಾಣದಂತೆ ಮೋಡ ಕವಿದುಕೊಂಡು, ಮಳೆಯೆನ್ನಲಾಗದ ತುಂತುರು ಆಗಾಗ ಉದುರುತ್ತ, ಚಳಿಯು ಮನೆಯ ಮೂಲೆಮೂಲೆಗೂ ಇಳಿದಾಗ, ಜನರು ಕಂಬಳಿ ಹೊದ್ದು ಬಿಸಿ ಕಾಫಿಯ ಲೋಟವನ್ನು ಎರಡು ಕೈಗಳಲ್ಲಿಯೂ ಹಿಡಿದು ಕುಳಿತುಕೊಳ್ಳುವುದು ಸಹಜ. ನಾನಾದರೋ ಅಂತಹ ಹಗಲನ್ನೇ ಎದುರುನೋಡುತ್ತಿದ್ದು, ಕ್ಯಾಮೆರಾವನ್ನೂ ಮುಕ್ಕಾಲಿಯನ್ನೂ ಹೆಗಲಿಗೇರಿಸಿಕೊಂಡು ಮೇಲುಕೋಟೆಯ ಬೆಟ್ಟದ ಕಡೆಗೆ ಹೊರಟುಬಿಡುತ್ತೇನೆ. ಛಾಯಾಗ್ರಹಣವೆಂದರೆ ಉದಯಾಸ್ತಗಳ ಹೊಂಬಿಸಿಲನ್ನು ಹಿಡಿಯುವ ವಿದ್ಯೆಯೆಂದು ಬಹುಮಂದಿ ನಂಬಿರುವರು. ಹೊಂಬಿಸಿಲನ್ನು ನಾನು ಹಳಿಯಲಾರೆ. ಆದರೆ ಅದು ಬಿದ್ದ ಕಡೆಯಲ್ಲೆಲ್ಲ ತನ್ನ ವೈಭವವನ್ನೇ ಮೆರೆಸುತ್ತದೆ. ಬೆಟ್ಟವು ಬೆಟ್ಟವಾಗಿಯೂ ಹೊಲವು ಹೊಲವಾಗಿಯೂ ನಮ್ಮೆದುರು ನಿಲ್ಲುವುದು ಮೋಡದ ಹಗಲಿನಲ್ಲಿ.

ಸೂರ್ಯನ ಕಿರಣಗಳು ಒಂದೇ ದಿಕ್ಕಿನಿಂದ ಬಂದು ಬೀಳುವುದರಿಂದ ನೆರಳಿಗೆ ಕತ್ತರಿಸಿದಂತಹ ಅಂಚು ಮೂಡುತ್ತದೆ. ಮೋಡದ ಅಸಂಖ್ಯಾತ ಜಲಕಣಗಳು ಅದೇ ಬೆಳಕನ್ನು ಎಲ್ಲ ಕಡೆಗೂ ಚದುರಿಸಿದಾಗ ಇಡೀ ಆಕಾಶವೇ ದೀಪವಾಗಿ, ಪೊದೆಯ ಒಳಗಿನ ಕಡ್ಡಿಯೂ ಬಂಡೆಯ ಪಕ್ಕದ ಹುಲ್ಲೂ ಸಮನಾಗಿ ಕಾಣಿಸುತ್ತವೆ. ಬಿಸಿಲಿನಲ್ಲಿ 16ರ ಅಪರ್ಚರ್ ಸಾಕಾಗುವ ಕಡೆ ದಟ್ಟ ಮೋಡದಲ್ಲಿ 5.6ಕ್ಕೆ ಇಳಿಯಬೇಕು, ಎಂದರೆ ಬೆಳಕು ಎಂಟರಲ್ಲೊಂದು ಪಾಲಿಗೆ ತಗ್ಗಿರುತ್ತದೆ. ಮುಕ್ಕಾಲಿ ಊರಿ, ತಂತಿಯ ತುದಿಯ ಗುಂಡಿಯನ್ನು ಮೆಲ್ಲನೆ ಒತ್ತಿ, ಗಾಳಿ ನಿಲ್ಲುವವರೆಗೆ ಕಾಯಬೇಕಾದ ಈ ಸಾವಧಾನವೇ ನನಗೆ ಅತ್ಯಂತ ಪ್ರಿಯವಾದದ್ದು.

ಬೆಟ್ಟದ ತಪ್ಪಲಿನ ಒಂದು ಹೊಲ ಈಗಲೂ ಕಣ್ಣಿಗೆ ಕಟ್ಟಿದಂತಿದೆ. ರಾಗಿಯ ಕಟಾವು ಮುಗಿದು ನೆಲದಲ್ಲಿ ಕೂಳೆ ಮಾತ್ರ ಉಳಿದಿತ್ತು. ಅದರ ನಡುವೆ ಅಕ್ಕಡಿ ಸಾಲಿನ ಅವರೆ ಹಸುರಾಗಿ ಹಬ್ಬಿ ಹೂ ಬಿಟ್ಟಿತ್ತು. ಬಗ್ಗಿ ನೋಡಿದರೆ, ಒಂದೊಂದು ಕೂಳೆಯ ಕೊಯ್ದ ಬಾಯಲ್ಲಿಯೂ ತುಂತುರಿನ ನೀರು ನಿಂತು, ಆ ಹನಿಹನಿಯಲ್ಲಿಯೂ ಮೋಡದ ಒಂದು ಬಿಳಿಯ ಚೂರು ಕೂತಿತ್ತು. ಬಿಸಿಲಿದ್ದಿದ್ದರೆ ಅಲ್ಲಿ ಕಣ್ಣು ಕುಕ್ಕುವ ಮಿನುಗಲ್ಲದೆ ಬೇರೇನೂ ಕಾಣುತ್ತಿರಲಿಲ್ಲ. ಕೊಯ್ದ ರಾಗಿಯ ಅರಿಗಳ ಮೇಲೆ ಟಾರ್ಪಾಲು ಹೊದಿಸುತ್ತಿದ್ದ ಹೊಲದೊಡೆಯರು ನನ್ನನ್ನು ಕಂಡು, “ಬಿಸ್ಲೇ ಇಲ್ವಲ್ಲ ಸ್ವಾಮಿ, ಪಟ ಎಂಗ್ ಬಂದಾದು?” ಎಂದರು.

“ಇಂಥ ಮೋಡದಲ್ಲೇ ಚೆನ್ನಾಗಿ ಬರೋದು ಯಜಮಾನ್ರೇ.”

“ನಿಮ್ಗೇನೋ ಚೆಂದ. ಅರಿ ನೆಂದ್ರೆ ನಮ್ ತೆನೆ ಮೊಳ್ಕೆ ಒಡೀತದೆ.”

ಕ್ಯಾಮೆರಾವನ್ನು ಬದುವಿನ ಮೇಲಿಟ್ಟು, ಟಾರ್ಪಾಲಿನ ಇನ್ನೊಂದು ತುದಿಯನ್ನು ಹಿಡಿದೆಳೆದು ಕಲ್ಲು ಹೇರಿದೆ. ಅವರ ಮಾತು ಕೇಳಿದ ಮೇಲೆ ಆ ಹೊಲದ ಚಿತ್ರವನ್ನು ಅರಿಗಳನ್ನು ಬಿಟ್ಟು ತೆಗೆಯಲು ನನಗೆ ಮನಸ್ಸಾಗಲಿಲ್ಲ. ಮುಚ್ಚಿದ ಆ ಬೆಳೆಯೂ ಆ ಹಗಲಿನ ಭಾಗವೇ ಆಗಿತ್ತು.

ಈ ಬೆಳಕಿನಲ್ಲಿ ಕಷ್ಟಕೊಡುವುದು ಆಕಾಶ. ಮೋಡ ಮುಚ್ಚಿದ ಆಕಾಶವು ನೋಡಲು ಮಂಕಾಗಿದ್ದರೂ ನೆಲಕ್ಕಿಂತ ಎಷ್ಟೋ ಪಾಲು ಹೆಚ್ಚು ಪ್ರಕಾಶವುಳ್ಳದ್ದಾದ್ದರಿಂದ, ನೆಲಕ್ಕೆ ಸರಿಹೊಂದಿಸಿದರೆ ಚಿತ್ರದಲ್ಲಿ ಬರಿಯ ಬಿಳಿಯ ಕಾಗದವಾಗಿ ಉಳಿಯುತ್ತದೆ. 1850ರ ದಶಕದಲ್ಲಿ ಫ್ರಾನ್ಸಿನ ಗುಸ್ತಾವ್ ಲ ಗ್ರೆ, ನೀಲಿಗೆ ಮಾತ್ರ ಅತಿಯಾಗಿ ಸ್ಪಂದಿಸುತ್ತಿದ್ದ ಅಂದಿನ ಗಾಜಿನ ಫಲಕಗಳಲ್ಲಿ ಇದೇ ತೊಡಕನ್ನು ಎದುರಿಸಿ, ಕಡಲಿಗೊಂದು ಆಕಾಶಕ್ಕೊಂದು ನೆಗೆಟಿವ್ ತೆಗೆದು ಎರಡನ್ನೂ ಒಂದೇ ಕಾಗದದ ಮೇಲೆ ಕೂಡಿಸಿ ಮುದ್ರಿಸಿದನು. ಅವನ ಕಡಲಿನ ಚಿತ್ರಗಳನ್ನು ಪೂಜ್ಯಭಾವದಿಂದ ನೋಡುವವನಾದರೂ ನಾನು ಆ ಮಾರ್ಗವನ್ನು ಹಿಡಿದವನಲ್ಲ. ಹಳದಿಯ ಫಿಲ್ಟರೂ ಇಲ್ಲಿ ಒದಗದು, ಏಕೆಂದರೆ ಅದು ಕಪ್ಪಾಗಿಸುವುದು ನೀಲಿಯನ್ನು. ಇಲ್ಲಿ ನೀಲಿಯೇ ಇಲ್ಲ. ಆಕಾಶವನ್ನು ಪೂರ್ತಿ ಬಿಟ್ಟು ಬೆಟ್ಟದ ಮೇಲಿನಿಂದ ಕೆಳಮುಖವಾಗಿ ನೋಡುವುದೇ ನನ್ನ ಉಪಾಯ.

ಹಾಗೆ ನೋಡಿದಾಗ ಪಾಂಡವಪುರದ ಕಡೆಯ ಕಲ್ಲುಗುಡ್ಡಗಳು ಒಂದರ ಹಿಂದೊಂದು ನಿಂತು, ನಡುವಿನ ತೇವದ ಗಾಳಿಯ ದೆಸೆಯಿಂದ ಹತ್ತಿರದ್ದು ಕಡುಬೂದಾಗಿ, ಅದರಾಚೆಯದು ತಿಳಿಯಾಗಿ, ಕೊನೆಯದು ಇದೆಯೋ ಇಲ್ಲವೋ ಎಂಬಂತೆ ಮಸುಕಾಗಿ ತೋರುವುವು. ನೆರಳಿಲ್ಲದ ಲೋಕದಲ್ಲಿ ದೂರವನ್ನು ಅಳೆದುಕೊಡುವುದು ಈ ವರ್ಣತಾರತಮ್ಯವೊಂದೇ. ಬೆಳಕಿನ ಮಾಪಕವು ಕಂಡದ್ದನ್ನೆಲ್ಲ ನಡುಬೂದೆಂದೇ ಎಣಿಸುವುದರಿಂದ, ಮಂಜಿಗೆ ಹಿಡಿದಾಗ ಅದು ಹೇಳಿದ್ದಕ್ಕಿಂತ ಒಂದು ಸ್ಟಾಪ್ ಹೆಚ್ಚು ಬೆಳಕು ಕೊಡಲೇಬೇಕು. ಇಲ್ಲವಾದರೆ ಮಂಜು ಹೊಗೆಯಾಗುತ್ತದೆ.

ಮೋಡದ ದಿನದ ನೆಗೆಟಿವ್ ಸ್ವಭಾವತಃ ಮೃದು. ಅದನ್ನು ನಾಲ್ಕನೆಯ ಗ್ರೇಡಿನ ಗಡಸು ಕಾಗದದಲ್ಲಿ ಮುದ್ರಿಸಿ, ಇಲ್ಲದ ಬಿಸಿಲನ್ನು ಡಾರ್ಕ್‌ರೂಮಿನಲ್ಲಿ ಬರಮಾಡಿಕೊಳ್ಳುವವರುಂಟು; ಅದನ್ನು ನಾನು ಒಪ್ಪೆನು. ಎರಡನೆಯ ಗ್ರೇಡು, ಹೆಚ್ಚೆಂದರೆ ಮೂರನೆಯದು, ಈ ಬೆಳಕಿಗೆ ತಕ್ಕದ್ದು. ಚಿತ್ರದಲ್ಲಿ ಎಲ್ಲಿಯಾದರೂ ಒಂದು ಅಚ್ಚಕಪ್ಪು ಇದ್ದರೆ ಉಳಿದ ಬೂದುಗಳೆಲ್ಲ ತಮ್ಮ ತಮ್ಮ ಸ್ಥಾನವನ್ನು ತಾವೇ ಕಂಡುಕೊಳ್ಳುವುವಾದ್ದರಿಂದ, ಬೆಟ್ಟದ ಮೇಲೆ ನಿಂತಾಗಲೇ ಒದ್ದೆ ಬಂಡೆಯ ಬಿರುಕೊಂದನ್ನು ಹುಡುಕಿ ಚೌಕಟ್ಟಿನ ಕೆಳಗಡೆಗೆ ಸೇರಿಸಿಕೊಂಡಿರುತ್ತೇನೆ.